ಎರಡನೆಯ ರಾತ್ರಿಯ ಅತಿಥಿ: ಬಾದಾಮಿಯಂಥ ಸಣ್ಣ ಊರು ಪ್ರವಾಸಿಗರನ್ನು ಉಳಿಸಿಕೊಳ್ಳುವ ಬಗೆ

ಬಾದಾಮಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರ ದಿನಚರಿ ಒಂದೇ ಅಚ್ಚಿನಲ್ಲಿರುತ್ತದೆ. ಬಿಸಿಲೇರುವ ಮೊದಲು ಮೇಣಬಸದಿಯ ಮೆಟ್ಟಿಲು ಹತ್ತಿ ನಾಲ್ಕೂ ಗುಹೆಗಳನ್ನು ನೋಡುತ್ತಾರೆ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಒಂದಷ್ಟು ಫೋಟೊ ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿಗೆ, ಅಲ್ಲಿಂದ ಐಹೊಳೆಗೆ ಹೋಗಿ, ಕತ್ತಲಾಗುವುದರೊಳಗೆ ಹೊಸಪೇಟೆಯ ಇಲ್ಲವೇ ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಪಟ್ಟದಕಲ್ಲು 1987ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ. ಜನರನ್ನು ಊರಿಗೆ ಕರೆತರುವ ಕೆಲಸವನ್ನು ಚಾಲುಕ್ಯರು ಎಂದೋ ಮಾಡಿಟ್ಟು ಹೋಗಿದ್ದಾರೆ. ಬಂದವರನ್ನು ಇನ್ನೊಂದು ರಾತ್ರಿ ಉಳಿಸಿಕೊಳ್ಳುವ ಕೆಲಸ ಮಾತ್ರ ಇಂದಿನ ಬಾದಾಮಿಯವರಿಗೆ ಸೇರಿದ್ದು.

ಅದೇ ದಿನ ಹೊರಟುಹೋಗುವ ಕುಟುಂಬದಿಂದ ಊರಿಗೆ ಸಿಗುವುದು ಒಂದು ನಾಷ್ಟಾ, ನಾಲ್ಕು ಕಪ್ ಚಹಾ ಮತ್ತು ಗಾಡಿ ನಿಲ್ಲಿಸಿದ ಶುಲ್ಕ. ಅದೇ ಕುಟುಂಬ ಎರಡನೆಯ ರಾತ್ರಿಯೂ ಉಳಿದರೆ ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಆಟೊ, ಅರ್ಧ ದಿನದ ಗೈಡ್, ಮನೆಗೊಯ್ಯಲು ಒಂದೆರಡು ಖಣ, ಇಷ್ಟೂ ಕಡೆ ಹಣ ಹಂಚಿಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಹೆಜ್ಜೆಯ ಉದ್ದೇಶವೂ ಆ ಎರಡನೆಯ ರಾತ್ರಿಯೇ. ಬಾದಾಮಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ, ಬೇಲೂರು, ಲಕ್ಕುಂಡಿ, ಮೇಲುಕೋಟೆಗಳ ಲಾಡ್ಜ್, ಖಾನಾವಳಿ ಮತ್ತು ಆಟೊ ನಡೆಸುವವರೂ ಇದನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಮೊದಲಿಗೇ ಒಂದು ಮಾತು. ನಗುವುದನ್ನು ಮತ್ತು ಕೈಮುಗಿಯುವುದನ್ನು ಕಲಿಸುವ ಒಂದು ದಿನದ ತರಬೇತಿಗಳಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಉತ್ತರ ಕರ್ನಾಟಕದ ಯಾವ ಊರಿನಲ್ಲಿ ನಿಂತರೂ ಗುರುತಿಲ್ಲದವರನ್ನೂ ‘ಬರ್ರಿ, ಕುಂದರ್ರಿ, ಚಾ ತಗೋರಿ’ ಎಂದು ಕರೆಯುವ ಜನ ಸಿಗುತ್ತಾರೆ. ಪ್ರೀತಿಯ ಕೊರತೆ ನಮ್ಮಲ್ಲಿ ಎಂದೂ ಇದ್ದದ್ದಲ್ಲ. ಕೊರತೆಯಿರುವುದು ಖಚಿತ ಮಾಹಿತಿಯಲ್ಲಿ, ಸ್ಪಷ್ಟ ದರದಲ್ಲಿ, ಹೇಳಿದ ಮಾತನ್ನು ಹೇಳಿದ ಹೊತ್ತಿಗೆ ನಡೆಸುವುದರಲ್ಲಿ. ಹೊಸ ಊರಿಗೆ ಬಂದವನ ಮನಸ್ಸಿನಲ್ಲಿ ಸದಾ ಒಂದು ಅಳುಕು ಇರುತ್ತದೆ: ನನ್ನಿಂದ ಹೆಚ್ಚು ಹಣ ಕೀಳುತ್ತಿದ್ದಾರೆಯೇ, ಕೊನೆಯ ಬಸ್ಸು ತಪ್ಪೀತೇ, ಹೆಂಡತಿಗೂ ಮಕ್ಕಳಿಗೂ ಶೌಚಾಲಯ ಎಲ್ಲಿ ಸಿಕ್ಕೀತು. ಈ ಅಳುಕನ್ನು ಕಳೆಯುವುದೇ ಆದರದ ಸೇವೆ.

ಮೊದಲ ಹೆಜ್ಜೆ: ನಿಮ್ಮ ಊರಿಗೆ ನೀವೇ ಹೊಸಬರಾಗಿ ಬನ್ನಿ

ಊರಿನವರಿಗೆ ಊರಿನ ತೊಡಕುಗಳು ಕಾಣುವುದಿಲ್ಲ. ಬಾದಾಮಿಯ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿ.ಮೀ. ದೂರದಲ್ಲಿದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾದ ಸಂಗತಿಯೇ ಅಲ್ಲ. ಆದರೆ ಬೆಳಕು ಹರಿಯುವ ಮೊದಲೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಇಳಿದವರಿಗೆ ಅದು ದೊಡ್ಡ ಆಶ್ಚರ್ಯ. ಆದ್ದರಿಂದ ಇಲ್ಲಿಗೆ ಎಂದೂ ಬಂದಿಲ್ಲದ ಬೇರೆ ಜಿಲ್ಲೆಯ ಒಬ್ಬ ನೆಂಟರನ್ನು ಕರೆಸಿರಿ. ಅವರಿಗೆ ಯಾವ ಸಹಾಯವನ್ನೂ ಮಾಡದೆ, ಫೋನಿನಲ್ಲಿ ಕೋಣೆ ಕೇಳುವುದರಿಂದ ಹಿಡಿದು ಮರುದಿನ ಬಸ್ಸು ಹತ್ತುವವರೆಗೆ ಎಲ್ಲವನ್ನೂ ಅವರೇ ಮಾಡಲು ಬಿಟ್ಟು, ಎಲ್ಲೆಲ್ಲಿ ತಡವರಿಸಿದರು, ಎಲ್ಲೆಲ್ಲಿ ಯಾರನ್ನು ಏನು ಕೇಳಬೇಕಾಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆಯಲು ಹೇಳಿರಿ. ಅವರು ಕೇಳಿದ ಪ್ರಶ್ನೆಗಳೇ ನೀವು ಮಾಡಬೇಕಾದ ಕೆಲಸಗಳ ಪಟ್ಟಿ.

ಎರಡನೆಯ ಹೆಜ್ಜೆ: ಫೋನು ಮತ್ತು ನಕ್ಷೆ

ಅತಿಥಿ ನಿಮ್ಮ ಬಾಗಿಲಿಗೆ ಬರುವ ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮನ್ನು ನೋಡಿರುತ್ತಾನೆ. ಅಲ್ಲಿ ನಿಮ್ಮ ಅಂಗಡಿಯ ಗುರುತು ಸರಿಯಾದ ಓಣಿಯಲ್ಲಿದೆಯೇ, ಫೋನ್ ನಂಬರು ಈಗಿನದೇ, ತೆರೆಯುವ ಹೊತ್ತು ನಿಜವೇ ಎಂದು ಪರಿಶೀಲಿಸಿರಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಫೋಟೊಗಳು ನಿಮ್ಮ ಕೋಣೆಯವೇ ಆಗಿರಲಿ, ಸ್ನಾನದ ಮನೆಯ ಫೋಟೊ ಒಂದಾದರೂ ಇರಲಿ. ಫೋನ್ ಎತ್ತುವವರು ದರ ಹೇಳಿದೊಡನೆ ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿದರೆ ಮುಂದೆ ಬರಬಹುದಾದ ವಾದಗಳಲ್ಲಿ ಅರ್ಧದಷ್ಟು ಅಲ್ಲಿಯೇ ಮುಗಿಯುತ್ತವೆ.

ಮೂರನೆಯ ಹೆಜ್ಜೆ: ಸ್ಟೇಷನ್ನಿನಿಂದ ಊರಿಗೆ

ಊರಿನ ಬಗ್ಗೆ ಅತಿಥಿಯ ಮೊದಲ ಅಭಿಪ್ರಾಯವನ್ನು ರೂಪಿಸುವವರು ಲಾಡ್ಜಿನ ಮಾಲೀಕರಲ್ಲ, ಆಟೊ ಮತ್ತು ಟಂಟಂ ಚಾಲಕರು. ಇಲ್ಲಿ ಒಬ್ಬ ಚಾಲಕ ಹೆಚ್ಚಿಗೆ ಕೇಳಿ ಪಡೆದ ನೂರು ರೂಪಾಯಿ, ಅತಿಥಿಯನ್ನು ದಿನವಿಡೀ ಸಂಶಯದಲ್ಲಿ ಇರಿಸಿ ಇಡೀ ಪೇಟೆಗೆ ಸಾವಿರಗಟ್ಟಲೆ ನಷ್ಟ ಮಾಡುತ್ತದೆ. ಚಾಲಕರ ಸಂಘ ಮತ್ತು ಲಾಡ್ಜಿನವರು ಒಂದು ಸಂಜೆ ಕುಳಿತು, ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ, ಬನಶಂಕರಿಗೆ, ಮಹಾಕೂಟಕ್ಕೆ, ಪಟ್ಟದಕಲ್ಲು ಮತ್ತು ಐಹೊಳೆ ಸುತ್ತಿ ಬರುವುದಕ್ಕೆ ಎಷ್ಟೆಂದು ನಿಗದಿ ಮಾಡಿ, ಕಾಯುವ ಸಮಯ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ, ಕನ್ನಡ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಫಲಕ ಬರೆಸಬೇಕು. ದರ ಕಡಿಮೆಯೇ ಇರಬೇಕೆಂದಿಲ್ಲ. ರಾತ್ರಿಯ ದರ ಹೆಚ್ಚಿರುವುದೂ ನ್ಯಾಯವೇ. ಅದು ಫಲಕದ ಮೇಲೆ ಇದ್ದರಾಯಿತು. ಪೇಟೆಯ ಅಂಗಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೀರಿನ ಬಾಟಲಿಯನ್ನು ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವುದು ಕಾನೂನಿನ ಪ್ರಕಾರವೂ ತಪ್ಪು. ಪುರಾತತ್ವ ಇಲಾಖೆ ವಿದೇಶಿಯರಿಗೆ ಬೇರೆ ಪ್ರವೇಶ ದರವನ್ನು ಫಲಕದಲ್ಲಿ ಬರೆದೇ ಪಡೆಯುತ್ತದೆ. ಚಹಾದಂಗಡಿಗೆ ಅಂಥ ಸಲಿಗೆಯಿಲ್ಲ.

ಕಮಿಷನ್ನಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅತಿಥಿಯನ್ನು ಕರೆತಂದ ಚಾಲಕನಿಗೆ ಲಾಡ್ಜಿನವರು, ಅಂಗಡಿಗೆ ಕರೆದೊಯ್ದ ಗೈಡಿಗೆ ಅಂಗಡಿಯವರು ಹಣ ಕೊಡುವ ರೂಢಿ ಎಲ್ಲ ಪ್ರವಾಸಿ ಊರುಗಳಲ್ಲೂ ಇದೆ. ಆ ಹಣ ಕೊನೆಗೆ ಅತಿಥಿಯ ಬಿಲ್ಲಿನಿಂದಲೇ ಬರುತ್ತದೆ, ಮತ್ತು ‘ಆ ಲಾಡ್ಜು ಬಂದ್ ಆಗೇತ್ರಿ’ ಎಂಬಂಥ ಸುಳ್ಳುಗಳು ಹುಟ್ಟುವುದು ಅಲ್ಲಿಯೇ. ಪೂರ್ತಿ ನಿಲ್ಲಿಸಲಾಗದಿದ್ದರೆ, ಕನಿಷ್ಠ ಪಕ್ಷ ಮುಂಗಡವಾಗಿ ಕೋಣೆ ಕಾಯ್ದಿರಿಸಿದ ಅತಿಥಿಯ ಮೇಲೆ ಕಮಿಷನ್ ಇಲ್ಲವೆಂದು ಎಲ್ಲರೂ ಒಪ್ಪಿಕೊಳ್ಳಬಹುದು.

ನಾಲ್ಕನೆಯ ಹೆಜ್ಜೆ: ಕೌಂಟರಿನ ಮೊದಲ ಹತ್ತು ನಿಮಿಷ

ಬಂದವರನ್ನು ಮೊದಲು ಕೂಡಿಸಿ, ನೀರು ಕೊಟ್ಟು, ಆಮೇಲೆ ಆಧಾರ್ ಕಾರ್ಡು ಕೇಳುವುದು ರೂಢಿಯಾಗಲಿ. ಮಾತು ಕನ್ನಡದಲ್ಲಿ ಆರಂಭವಾಗಲಿ. ಬೆಂಗಳೂರಿನ ನಂಬರ್ ಪ್ಲೇಟು ಕಂಡ ಕೂಡಲೇ ಹಿಂದಿಯಲ್ಲಿ ಮಾತಾಡಿಸುವ ಚಾಳಿ ಕೆಲವು ಕೌಂಟರುಗಳಲ್ಲಿದೆ, ಅಪ್ಪಟ ಕನ್ನಡದ ಕುಟುಂಬಕ್ಕೆ ಇದರಿಂದ ಆಗುವ ಮುಜುಗರ ಸಣ್ಣದಲ್ಲ. ಎದುರಿಗಿರುವವರಿಗೆ ಕನ್ನಡ ಬಾರದೆಂದು ತಿಳಿದ ಮೇಲೆ ಅವರ ಭಾಷೆಗೆ ಹೋದರಾಯಿತು. ಉಳಿಯುವವರು ವಿದೇಶೀಯರಾಗಿದ್ದರೆ ಅವರ ವಿವರಗಳನ್ನು 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಜಾಲತಾಣದಲ್ಲಿ ಸಲ್ಲಿಸುವುದು ಕಡ್ಡಾಯ. ಅದಕ್ಕಾಗಿ ಪಾಸ್‌ಪೋರ್ಟ್ ಕೇಳುವಾಗ ಕಾರಣವನ್ನೂ ಹೇಳಿ, ಪ್ರತಿ ತೆಗೆದುಕೊಂಡು ಆಗಲೇ ಮರಳಿಸಬೇಕು. ಪಾಸ್‌ಪೋರ್ಟನ್ನು ರಾತ್ರಿಯಿಡೀ ಡ್ರಾಯರಿನಲ್ಲಿ ಇಟ್ಟುಕೊಂಡರೆ ಯಾವ ಅತಿಥಿಗೂ ನಿದ್ದೆ ಬಾರದು.

ಕೋಣೆಗೆ ಕರೆದೊಯ್ಯುವ ಹುಡುಗ ಲೈಟಿನ ಸ್ವಿಚ್ಚು ತೋರಿಸಿ ಬಕ್ಷೀಸಿಗೆ ಕಾಯುತ್ತ ನಿಲ್ಲುವುದಕ್ಕಿಂತ ನಾಲ್ಕು ಮಾತು ಹೇಳಿದರೆ ಹೆಚ್ಚು ಉಪಕಾರ. ಬಿಸಿನೀರು ಎಷ್ಟರಿಂದ ಎಷ್ಟು ಹೊತ್ತಿನವರೆಗೆ ಬರುತ್ತದೆ, ಕರೆಂಟು ಹೋದರೆ ಯಾವ ದೀಪ ಹತ್ತುತ್ತದೆ, ರಾತ್ರಿ ಊಟ ಎಷ್ಟು ಹೊತ್ತಿನವರೆಗೆ ಸಿಗುತ್ತದೆ, ಬಾಗಿಲಿನ ಒಳಚಿಲಕ ಹೇಗೆ ಬೀಳುತ್ತದೆ. ಒಂಟಿಯಾಗಿ ಬಂದ ಹೆಣ್ಣುಮಗಳಿಗೆ ಕೊನೆಯ ಮಾತು ಉಳಿದ ಮೂರಕ್ಕಿಂತ ಮುಖ್ಯ, ಅವಳ ಕೋಣೆಯ ಸಂಖ್ಯೆಯನ್ನು ಕೌಂಟರಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬಾರದು ಎಂಬುದೂ ಅಷ್ಟೇ ಮುಖ್ಯ.

ಇದರ ಜೊತೆಗೆ ಊರಿನ ಒಂದು ಪುಟದ ಮಾಹಿತಿಯನ್ನು ಮುದ್ರಿಸಿ ಕೋಣೆಯಲ್ಲಿ ಇಡಬೇಕು. ಕೋಟೆಯ ಬುಡದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಗುರುವಾರ ರಾತ್ರಿ ಬಂದವರಿಗೆ ಈ ಒಂದು ಸಾಲು ತಿಳಿಯದಿದ್ದರೆ ಲಜ್ಜಾಗೌರಿಯ ಶಿಲ್ಪವನ್ನು ನೋಡದೆಯೇ ಊರು ಬಿಡುತ್ತಾರೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಬೇಕಾಗಿಲ್ಲ. ಪಟ್ಟದಕಲ್ಲಿನಿಂದ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತು, ರಾತ್ರಿ ತೆರೆದಿರುವ ಔಷಧಿ ಅಂಗಡಿ, ತುರ್ತು ಸಹಾಯದ 112, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬಹುಭಾಷಾ ಸಹಾಯವಾಣಿ 1363, ಇವೆಲ್ಲ ಅದರಲ್ಲಿರಲಿ. ಬಸ್ಸಿನ ವೇಳೆ ಬದಲಾದಾಗ ಪುಟವೂ ಬದಲಾಗಬೇಕು. ಹಳೆಯ ವೇಳಾಪಟ್ಟಿ ಇರುವುದು ಪಟ್ಟಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಐದನೆಯ ಹೆಜ್ಜೆ: ಊಟ

ಪ್ರವಾಸಿ ಊರುಗಳ ಹೋಟೆಲುಗಳು ಉದ್ದುದ್ದ ಮೆನು ಅಚ್ಚು ಹಾಕಿಸಿ, ಕೇಳಿದ್ದಕ್ಕೆಲ್ಲ ‘ಅದಿಲ್ಲರೀ’ ಎನ್ನುವುದು ಯಾರಿಗೂ ಹೊಸದಲ್ಲ. ಗೋಬಿ ಮಂಚೂರಿಯನ್ನಿಗಾಗಿ ಯಾರೂ ಬಾದಾಮಿಗೆ ಬರುವುದಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು ಇಷ್ಟನ್ನು ದಿನವೂ ತಪ್ಪದೆ ಕೊಡುವ ಖಾನಾವಳಿಯ ಹೆಸರು ತಾನಾಗಿಯೇ ಹಬ್ಬುತ್ತದೆ. ಬಡಿಸುವವರು ಖಾರದ ವಿಷಯದಲ್ಲಿ ಮೊದಲೇ ಎಚ್ಚರಿಸಿ, ಮಕ್ಕಳಿಗೆ ರೊಟ್ಟಿಯ ಜೊತೆ ಬೆಲ್ಲ, ತುಪ್ಪ ಕೊಡಲೇ ಎಂದು ತಾವೇ ಕೇಳಬೇಕು. ರೊಟ್ಟಿಯನ್ನು ಹೇಗೆ ಮುರಿದು ಯಾವುದಕ್ಕೆ ಹಚ್ಚಿಕೊಂಡು ತಿನ್ನಬೇಕೆಂದು ತಿಳಿಯದ ಮಂಗಳೂರಿನವರಿಗೋ ಮಹಾರಾಷ್ಟ್ರದಾಚೆಯವರಿಗೋ ತೋರಿಸಿಕೊಟ್ಟರೆ ಅವರು ಇನ್ನೆರಡು ರೊಟ್ಟಿ ಹಾಕಿಸಿಕೊಳ್ಳುತ್ತಾರೆ. ಬನಶಂಕರಿ ಗುಡಿಯ ಆವರಣದಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಹೊತ್ತು ತಂದು ಉಣಬಡಿಸುವ ತಾಯಂದಿರನ್ನು ನೋಡಿರಿ. ‘ಇನ್ನೊಂದೀಟು ಹಾಕ್ಲೇನ್ರಿ?’ ಎಂದು ಅವರು ಕೇಳುವ ಧಾಟಿಯನ್ನು ಯಾವ ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯೂ ಕಲಿಸಲಾರದು. ಲಾಡ್ಜಿನವರು ತಮ್ಮಲ್ಲಿಯೇ ಊಟ ಮಾಡಿರೆಂದು ಒತ್ತಾಯಿಸುವ ಬದಲು ಒಂದು ಹೊತ್ತಿಗೆ ಅತಿಥಿಗಳನ್ನು ಅಲ್ಲಿಗೆ ಕಳುಹಿಸುವುದು ಜಾಣತನ.

ಆರನೆಯ ಹೆಜ್ಜೆ: ಗುಡ್ಡದ ಮೇಲೆ

ಮೇಣಬಸದಿಯ ಬಳಿಯ ಮಂಗಗಳು ಕೈಯಲ್ಲಿನ ಚೀಲ, ನೀರಿನ ಬಾಟಲಿ, ತಿಂಡಿಯ ಪೊಟ್ಟಣ ಕಸಿಯುವುದರಲ್ಲಿ ಪಳಗಿವೆ. ತಿಂಡಿಯನ್ನು ಕೆಳಗೆ ಗಾಡಿಯಲ್ಲಿಯೇ ಬಿಟ್ಟು ಹೋಗುವಂತೆ ಆಟೊದವರಾಗಲಿ ಕೌಂಟರಿನವರಾಗಲಿ ಒಂದು ಮಾತು ಹೇಳದಿದ್ದರೆ, ಅತಿಥಿಯ ನೆನಪಿನಲ್ಲಿ ಉಳಿಯುವುದು ಮಂಗ ಮಾತ್ರ. ಬೇಸಿಗೆಯಲ್ಲಿ ಬಂಡೆ ಕಾಯುವ ಊರಿದು. ಮಾರ್ಚಿನಿಂದ ಮೇ ತನಕ ಗುಹೆಗಳನ್ನು ಬೆಳಿಗ್ಗೆ ಬೇಗ, ಕೆರೆಯ ದಂಡೆಯನ್ನು ಇಳಿಹೊತ್ತಿನಲ್ಲಿ ನೋಡಲು ಸೂಚಿಸಬೇಕು.

ಗೈಡುಗಳ ಕೆಲಸದಲ್ಲಿ ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ಮೊದಲು ಬರುತ್ತದೆ. ಅತಿಥಿಗೆ ಎಷ್ಟು ಸಮಯವಿದೆ, ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದಾರೆಯೇ, ಮಕ್ಕಳ ವಯಸ್ಸೆಷ್ಟು ಎಂದು ವಿಚಾರಿಸದೆ ಬಾಯಿಪಾಠ ಒಪ್ಪಿಸಿದರೆ ಮೂರನೆಯ ಗುಹೆಗೆ ಬರುವಷ್ಟರಲ್ಲಿ ಎಲ್ಲರೂ ಆಕಳಿಸುತ್ತಿರುತ್ತಾರೆ. ಮೊದಲ ಗುಹೆಯ ಹೊರಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಅನುಭವಿ ಗೈಡ್ ಅಲ್ಲಿ ಚಿಕ್ಕ ಹುಡುಗಿಯೊಬ್ಬಳನ್ನು ಮುಂದೆ ಕರೆದು, ‘ಎಡಕ್ಕೊಂದು ಕೈ, ಬಲಕ್ಕೊಂದು ಕೈ ನೀನ ಆರಿಸವ್ವ, ಎರಡೂ ಕೂಡಿದ್ರ ಒಂದು ಭಂಗಿ ಆಗ್ತದ’ ಎನ್ನುತ್ತಾನೆ. ಅವಳು ಜೋಡಿಗಳನ್ನು ಹುಡುಕುತ್ತ ಹೋದಂತೆ ತಂದೆ ತಾಯಿಯೂ ಹುಡುಕತೊಡಗುತ್ತಾರೆ, ಐದು ನಿಮಿಷವೆಂದುಕೊಂಡದ್ದು ಅರ್ಧ ಗಂಟೆಯಾಗುತ್ತದೆ. ಗೊತ್ತಿಲ್ಲದ್ದನ್ನು ಕೇಳಿದಾಗ ರಾಜ, ರಾಣಿ, ಸುರಂಗ ಎಂದು ಕಥೆ ಕಟ್ಟುವುದಕ್ಕಿಂತ ‘ವಿಚಾರಿಸಿ ಹೇಳ್ತೀನ್ರಿ’ ಎಂದು ಸಂಜೆಗೆ ಫೋನಿನಲ್ಲಿ ಉತ್ತರ ಕಳುಹಿಸುವ ಗೈಡಿಗೆ ಮುಂದಿನ ವರ್ಷವೂ ಕರೆ ಬರುತ್ತದೆ.

ಏಳನೆಯ ಹೆಜ್ಜೆ: ದೂರು ಬಂದಾಗ

ಒಳ್ಳೆಯ ಸೇವೆಯ ಪರೀಕ್ಷೆ ನಡೆಯುವುದು ಎಲ್ಲವೂ ಸರಿಯಿದ್ದಾಗ ಅಲ್ಲ. ಬೆಳಿಗ್ಗೆ ಎಂಟಕ್ಕೆ ಅತಿಥಿ ಟವೆಲ್ ಹೆಗಲಿಗೆ ಹಾಕಿಕೊಂಡು ಕೌಂಟರಿಗೆ ಬಂದು ಬಿಸಿನೀರು ಬರುತ್ತಿಲ್ಲವೆನ್ನುತ್ತಾನೆ. ಸಾಮಾನ್ಯವಾಗಿ ಸಿಗುವ ಉತ್ತರ: ‘ಸೋಲಾರ್ ಐತ್ರಿ, ನಿನ್ನೆ ಮೋಡ ಇತ್ತು, ನಾವೇನ್ ಮಾಡೂಣು?’ ಮಾತು ನಿಜವಿರಬಹುದು, ಆದರೆ ಅದರಿಂದ ಸ್ನಾನವಾಗುವುದಿಲ್ಲ. ಅದೇ ಹುಡುಗ ‘ತಪ್ಪಾತ್ರಿ ಸರ್, ಹತ್ತು ನಿಮಿಷ ಕೊಡ್ರಿ, ಎರಡು ಬಕೇಟ್ ಕಾಸಿ ಕಳಸ್ತೀನಿ’ ಎಂದು ಹೇಳಿ, ಹತ್ತು ನಿಮಿಷದಲ್ಲಿ ನಿಜವಾಗಿಯೂ ಕಳುಹಿಸಿದರೆ, ಸಂಜೆ ಆ ಅತಿಥಿ ಬೇರೆ ಲಾಡ್ಜು ಹುಡುಕುವುದಿಲ್ಲ. ಕ್ರಮ ಇಷ್ಟೇ: ಪೂರ್ತಿ ಕೇಳಿಸಿಕೊಳ್ಳುವುದು, ಕಾರಣ ಹೇಳುವ ಮೊದಲು ವಿಷಾದ ಹೇಳುವುದು, ಏನು ಮಾಡುತ್ತೇನೆ ಮತ್ತು ಎಷ್ಟು ಹೊತ್ತಿನಲ್ಲಿ ಎಂದು ಹೇಳುವುದು, ಆಮೇಲೆ ಹೋಗಿ ‘ಆತೇನ್ರಿ?’ ಎಂದು ಕೇಳುವುದು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ.

ಇದು ನಡೆಯಬೇಕಾದರೆ ಕೌಂಟರಿನ ಹುಡುಗನಿಗೆ ಅಧಿಕಾರ ಬೇಕು. ಎಲ್ಲದಕ್ಕೂ ‘ಮಾಲಕ್ರು ಬರ್ಲಿ ತಡೀರಿ’ ಎನ್ನುವ ಸ್ಥಿತಿಯಲ್ಲಿ ಅವನನ್ನು ಇಟ್ಟರೆ ಅವನು ವಾದ ಮಾಡುವುದನ್ನು ಬಿಟ್ಟು ಬೇರೇನೂ ಮಾಡಲಾರ. ಇನ್ನೂರು ರೂಪಾಯಿಯವರೆಗಿನ ರಿಯಾಯಿತಿ, ಬೇರೆ ಕೋಣೆಗೆ ಬದಲಾವಣೆ, ಒಂದು ನಾಷ್ಟಾ ಉಚಿತ, ಇಂಥವನ್ನು ಯಾರನ್ನೂ ಕೇಳದೆ ಕೊಡುವ ಅನುಮತಿ ಅವನಿಗಿರಲಿ. ಕೊಟ್ಟದ್ದನ್ನು ವಹಿಯಲ್ಲಿ ಬರೆದಿಡಲಿ. ಅತಿಥಿಯ ಎದುರಿಗೆ ಕೆಲಸದವರನ್ನು ಬೈಯುವ ಮಾಲೀಕನಿಗೆ ಸೌಜನ್ಯದ ಸಿಬ್ಬಂದಿ ಸಿಗುವುದಿಲ್ಲ, ಮತ್ತು ಹದಿನಾಲ್ಕು ತಾಸು ದುಡಿದವನಿಂದ ರಾತ್ರಿ ಹನ್ನೊಂದಕ್ಕೆ ನಗುಮುಖ ನಿರೀಕ್ಷಿಸುವುದು ಅನ್ಯಾಯ.

ಎಂಟನೆಯ ಹೆಜ್ಜೆ: ಎಲ್ಲರೂ ಮರೆಯುವ ಅತಿಥಿಗಳು

ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್ ಓಡಿಸಿಕೊಂಡು ಬಂದ ಚಾಲಕನಿಗೆ ಮಲಗಲು ಜಾಗ, ಸ್ನಾನಕ್ಕೆ ನೀರು, ಬಿಸಿ ಊಟ ಕೊಟ್ಟವರನ್ನು ಅವನು ಮರೆಯುವುದಿಲ್ಲ. ಮುಂದಿನ ತಂಡ ಎಲ್ಲಿ ಇಳಿಯಬೇಕೆಂದು ಕೇಳಿದಾಗ ಉತ್ತರಿಸುವವನು ಅವನೇ. ಡಿಸೆಂಬರ್, ಜನವರಿಯಲ್ಲಿ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಅವರು ಖರ್ಚು ಮಾಡುವುದು ಕಡಿಮೆಯೆಂದು ಪೇಟೆ ಅವರನ್ನು ಉಪೇಕ್ಷಿಸುತ್ತದೆ. ಅವರಿಗೆ ಬೇಕಾದದ್ದು ಹೆಣ್ಣುಮಕ್ಕಳಿಗೆ ಸ್ವಚ್ಛ ಶೌಚಾಲಯ, ಕುಡಿಯುವ ನೀರು, ತಂದ ಬುತ್ತಿಯನ್ನು ಕುಳಿತು ಉಣ್ಣಲು ನೆರಳು. ಐವತ್ತು ಮಕ್ಕಳು ಐವತ್ತು ಮನೆಗಳಿಗೆ ಹೋಗಿ ಊರಿನ ವರದಿ ಒಪ್ಪಿಸುತ್ತಾರೆ. ಇನ್ನು ಬಂಡೆ ಹತ್ತುವವರು. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಶಿಲಾರೋಹಿಗಳಲ್ಲಿ ದೇಶ ವಿದೇಶಗಳಲ್ಲಿ ಹೆಸರುವಾಸಿ, ಅವರು ವಾರಗಟ್ಟಲೆ ಉಳಿಯುತ್ತಾರೆ. ಅವರಿಗೆ ನಸುಕಿನಲ್ಲಿ ನಾಷ್ಟಾ, ಬಟ್ಟೆ ಒಗೆಯಲು ಅನುಕೂಲ ಮತ್ತು ವಾರದ ಬಾಡಿಗೆ ಇದ್ದರೆ ಸಾಕು.

ಒಂಬತ್ತನೆಯ ಹೆಜ್ಜೆ: ಎರಡನೆಯ ದಿನವನ್ನು ಕೈಗೆ ಕೊಡಿ

‘ಇನ್ನೊಂದು ದಿನ ಇರ್ರಿ’ ಎಂದರೆ ಯಾರೂ ಇರುವುದಿಲ್ಲ. ಇದ್ದು ಏನು ಮಾಡಬೇಕೆಂದು ಹೇಳಬೇಕು. ಭೂತನಾಥ ದೇವಾಲಯ ಕೆರೆಯ ಪೂರ್ವ ದಂಡೆಯಲ್ಲಿದ್ದು, ಸಂಜೆಯ ಬಿಸಿಲು ಅದರ ಮೇಲೂ ಹಿಂದಿನ ಬಂಡೆಗಳ ಮೇಲೂ ನೇರವಾಗಿ ಬೀಳುತ್ತದೆ. ನಾಲ್ಕು ಗಂಟೆಗೆ ಊರು ಬಿಡುವವರಿಗೆ ಇದು ಕಾಣುವುದೇ ಇಲ್ಲ. ಅದೇ ಕೆರೆಯ ಈಶಾನ್ಯಕ್ಕಿರುವ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಶಾಲೆಯಲ್ಲಿ ಓದಿದ ಸಾವಿರಾರು ಕನ್ನಡಿಗರು ಅದರಿಂದ ಕೂಗಳತೆಯ ದೂರದವರೆಗೆ ಬಂದು, ಯಾರೂ ತೋರಿಸದ ಕಾರಣಕ್ಕೆ ನೋಡದೆ ಹಿಂದಿರುಗುತ್ತಾರೆ. ಕೌಂಟರಿನವರು ಮೊದಲ ದಿನ ಮಧ್ಯಾಹ್ನವೇ ಹೀಗೆ ಹೇಳಬಹುದು: ಇಂದು ಸಂಜೆ ಕೆರೆ ಮತ್ತು ಭೂತನಾಥ, ನಾಳೆ ನಸುಕಿನಲ್ಲಿ ಉತ್ತರದ ಕೋಟೆ ಮತ್ತು ಮಾಲೆಗಿತ್ತಿ ಶಿವಾಲಯ, ಆಮೇಲೆ ಮಹಾಕೂಟದ ಪುಷ್ಕರಣಿ, ಮಧ್ಯಾಹ್ನ ಬನಶಂಕರಿಯಲ್ಲಿ ರೊಟ್ಟಿಯೂಟ, ಸಮಯವಿದ್ದರೆ ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಗಳು. ನೇಕಾರರ ಮನೆಗೆ ಮೊದಲೇ ಫೋನ್ ಮಾಡಿ ಕೇಳಿ ಕಳುಹಿಸಬೇಕು, ಮತ್ತು ಕೊಳ್ಳಲೇಬೇಕೆಂಬ ಒತ್ತಾಯ ಅಲ್ಲಿ ಇರಬಾರದು. ಎರಡನೆಯ ರಾತ್ರಿಗೆ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡುವುದಿದ್ದರೆ ಅದನ್ನು ಹೊರಡುವಾಗ ಅಲ್ಲ, ಈ ಮಾತಿನ ಜೊತೆಗೇ ಹೇಳಬೇಕು.

ಹತ್ತನೆಯ ಹೆಜ್ಜೆ: ಅಳೆದು ನೋಡುವುದು

ಹೊರಡುವವರಿಗೆ ‘ಐದು ಸ್ಟಾರ್ ಕೊಡ್ರಿ’ ಎಂದು ಫೋನ್ ಮುಂದೆ ಹಿಡಿಯುವುದು ಬೇಡ; ಏನು ಸರಿಯಿರಲಿಲ್ಲ ಎಂದು ಕೇಳಿರಿ. ಜಾಲದಲ್ಲಿ ಬಂದ ಕಟು ವಿಮರ್ಶೆಗೆ ಎರಡು ಸಾಲಿನ ಶಾಂತ ಉತ್ತರ, ಸರಿಪಡಿಸಿದ್ದೇನೆಂಬ ವಿವರ ಸಾಕು. ಅದನ್ನು ಓದುವವರು ಬರೆದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವವರು. ವಹಿಯಲ್ಲಿ ಪ್ರತಿ ತಿಂಗಳು ಮೂರು ಸಂಗತಿಗಳನ್ನು ಬರೆದಿಟ್ಟರೆ ಸಾಕು: ಎರಡು ರಾತ್ರಿ ಉಳಿದವರೆಷ್ಟು, ಹಿಂದೆ ಬಂದವರ ಹೆಸರು ಹೇಳಿಕೊಂಡು ಬಂದವರೆಷ್ಟು, ಒಂದೇ ದೂರು ಎಷ್ಟು ಸಲ ಬಂತು. ಲಾಡ್ಜು, ಖಾನಾವಳಿ, ಆಟೊ, ಗೈಡು ಈ ನಾಲ್ಕೂ ಕಡೆಯವರು ತಿಂಗಳಿಗೊಮ್ಮೆ ಒಂದೆಡೆ ಕುಳಿತು ಈ ವಹಿಗಳನ್ನು ಹೋಲಿಸಿದರೆ, ಅತಿಥಿ ಎಲ್ಲಿ ಮುನಿಸಿಕೊಳ್ಳುತ್ತಾನೆ ಎಂಬುದು ಬೇಗ ತಿಳಿಯುತ್ತದೆ. ಪುರಸಭೆಯ ಶೌಚಾಲಯ, ಬೀದಿದೀಪ, ಕಸದಂಥ ವಿಷಯಗಳಿಗೆ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯುವುದಕ್ಕಿಂತ ಈ ಸಭೆಯ ಒಂದು ಪತ್ರಕ್ಕೆ ತೂಕ ಹೆಚ್ಚು.

ಇದನ್ನೆಲ್ಲ ಆರಂಭಿಸಲು ಜೂನ್, ಜುಲೈ ತಕ್ಕ ಕಾಲ. ಆಗ ಜನ ಕಡಿಮೆ, ಮಾತನಾಡಲು ಎಲ್ಲರಿಗೂ ಪುರುಸೊತ್ತು ಇರುತ್ತದೆ, ಫಲಕ ಬರೆಸಲು ಮತ್ತು ಹುಡುಗರಿಗೆ ಕಲಿಸಲು ದಸರಾ ರಜೆಯವರೆಗೆ ಸಮಯ ಸಿಗುತ್ತದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ದಿನಗಳಲ್ಲಿ, ನಾಟಕ ಕಂಪನಿಗಳ ಡೇರೆಗಳು ಎದ್ದು ಊರು ತುಂಬಿ ತುಳುಕುವಾಗ, ಹೊಸ ಪದ್ಧತಿಯನ್ನು ಮೊದಲ ಬಾರಿಗೆ ಪ್ರಯೋಗಿಸಲು ಹೋಗಬೇಡಿ. ಆ ಹೊತ್ತಿಗೆ ಅದು ರೂಢಿಯಾಗಿರಬೇಕು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಸ್ಟೇಷನ್ನಿನ ದರಫಲಕ ಮತ್ತು ಕೋಣೆಯ ಒಂದು ಪುಟದ ಮಾಹಿತಿ, ಈ ಎರಡನ್ನು ಮೊದಲು ಮುಗಿಸಿರಿ. ಇವಕ್ಕೆ ತಗಲುವ ಖರ್ಚನ್ನು ನಾಲ್ಕೈದು ಲಾಡ್ಜುಗಳು ಹಂಚಿಕೊಂಡರೆ ಯಾರಿಗೂ ಭಾರವಾಗದು.